ಮುಳ್ಳು ಚುಚ್ಚಿದ ಮೇಲೆ ಟಿಟಿ ಸಾಕೇ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ ಈಗ 74. ಊರು ಬಿಟ್ಟು ಡೊಂಬಿವಲಿಗೆ ನಮ್ಮ ಜೊತೆ ಬಂದಿದ್ದಾರೆ. ಟೆರೇಸಿನ ಕುಂಡಗಳಿಗೆ ಸಗಣಿ ಗೊಬ್ಬರ ಹಾಕುತ್ತಾರೆ, ಕೈಗೆ ಮುಳ್ಳು ಚುಚ್ಚುವುದು ಮಾಮೂಲು. ಧನುರ್ವಾಯು ತಡೆಯುವ ಟಿಟಿ ಹಾಕಿಸಿಕೊಳ್ಳಿ ಅಂದರೆ "ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಮಾತ್ರ ಇಂಜೆಕ್ಷನ್, ನಮ್ಮದು ಮಣ್ಣಲ್ಲಿ ಬೆಳೆದ ಮೈ" ಅನ್ನುತ್ತಾರೆ. ಹೌದಾ?

ಉತ್ತರ: ಅಲ್ಲ. ಧನುರ್ವಾಯುವಿನ ಬ್ಯಾಕ್ಟೀರಿಯಾ ಇರುವುದೇ ಮಣ್ಣು, ಸಗಣಿ, ಧೂಳಿನಲ್ಲಿ. ತುಕ್ಕಿನದು ಸುಮ್ನೆ ಹೆಸರು. ಮುಳ್ಳು ಮಾಡುವ ಸಣ್ಣ, ಆಳವಾದ, ಗಾಳಿಯಾಡದ ಗಾಯವೇ ಅದಕ್ಕೆ ಬೇಕಾದ ಜಾಗ. ಇನ್ನು ಮಣ್ಣಲ್ಲಿ ಬೆಳೆದ ಮೈ ಅಂದಿರಲ್ಲ, ಈ ಕಾಯಿಲೆ ಬಂದು ವಾಸಿಯಾದವರಿಗೂ ಇಮ್ಯೂನಿಟಿ ಬರುವುದಿಲ್ಲ, ಯಾಕೆಂದರೆ ಪ್ರಾಣ ತೆಗೆಯುವಷ್ಟು ವಿಷವೂ ದೇಹಕ್ಕೆ ಪಾಠ ಕಲಿಸಲು ಸಾಲದಷ್ಟು ಕಡಿಮೆ. ಲಸಿಕೆ ಹಾಕಿಸಿಕೊಂಡವರಿಗೇ ರಕ್ಷಣೆ. ಮನೆಯವರೆಲ್ಲ ಹಾಕಿಸಿಕೊಂಡರೂ ಅಪ್ಪನಿಗೆ ಅದರಿಂದ ಲಾಭವಿಲ್ಲ, ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೇ ಅಲ್ಲ.

ನಾನು ಕೇಳುವುದು ಬೇರೆ: ಅವರಿಗೆ ಮೊದಲ ಮೂರು ಡೋಸ್ ಯಾವತ್ತಾದರೂ ಆಗಿದೆಯಾ? ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ. ಅಷ್ಟೊತ್ತಿಗೆ ಅಪ್ಪ ದೊಡ್ಡವರಾಗಿದ್ದರು. ಅಮ್ಮನಿಗೆ ಬಸುರಿಯಾಗಿದ್ದಾಗ ಟಿಟಿ ಕೊಟ್ಟಿರಬಹುದು, ಗಂಡಸರಿಗೆ ಅದೂ ಇಲ್ಲ. ಬುನಾದಿ ಇಲ್ಲದವರಿಗೆ ಗಾಯವಾದ ದಿನ ಒಂದು ಟಿಟಿ ಚುಚ್ಚಿದರೆ ಆ ಗಾಯದ ಮಟ್ಟಿಗೆ ಅದು ತಡವಾಯಿತು. ಕೊಳಕು ಗಾಯವಾದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ತಕ್ಷಣ ಕೆಲಸ ಮಾಡುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಕೂಡ ಬೇಕಾಗುತ್ತದೆ.

ಹಾಗಾಗಿ ಗಾಯಕ್ಕೆ ಕಾಯಬೇಡಿ. ದಾಖಲೆ ಇಲ್ಲ, ನೆನಪೂ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ. ಈಗೊಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಅದಾಗಿ ಆರು ತಿಂಗಳಿಂದ ವರ್ಷದೊಳಗೆ ಮೂರನೆಯದು. ಟಿಟಿ ಬದಲು ಟಿಡಿ ಲಸಿಕೆ ಅಂತ ಕೇಳಿ, ಧನುರ್ವಾಯುವಿನ ಜೊತೆ ಗಂಟಲಮಾರಿಗೂ (ಡಿಫ್ತೀರಿಯಾ) ಅದೇ ಆಗುತ್ತದೆ. ವಯಸ್ಸಾದವರಲ್ಲಿ ರಕ್ಷಣೆ ಬೇಗ ಇಳಿಯುತ್ತದೆ, ಆದ್ದರಿಂದ 10 ವರ್ಷಕ್ಕೊಮ್ಮೆ ಬೂಸ್ಟರ್ ಮರೆಯಬೇಡಿ. ಶುಗರ್ ಇದ್ದರೆ ಕಾಲಿನ ಹುಣ್ಣಿನಿಂದಲೂ ಧನುರ್ವಾಯು ಬರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚುಚ್ಚುವ ಮೊದಲೇ ಹೇಳಿಬಿಡಿ.

ಪ್ರಶ್ನೆ: ನಾನು ಪುಣೆಯಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಟಿಟಿ ತಗೋಬೇಕು ಅಲ್ವಾ?

ಉತ್ತರ: ಬೇಡ ಮಾರಾಯರೇ. ಮೂರು ಡೋಸ್ ಆಗಿದ್ದರೆ, ಕೊಳಕು ಗಾಯಕ್ಕೂ ಕೊನೆಯ ಡೋಸ್ ಆಗಿ 5 ವರ್ಷ ಕಳೆದಿದ್ದರೆ ಮಾತ್ರ ಮತ್ತೊಂದು. ಪದೇ ಪದೇ ಚುಚ್ಚಿಸಿಕೊಂಡರೆ ತೋಳು ಊದಿಕೊಂಡು ಎರಡು ದಿನ ಪಾನಾ ಹಿಡಿಯಲು ಆಗುವುದಿಲ್ಲ, ಅಷ್ಟೇ. ತಾರೀಕು ಮಾತ್ರ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.