ಧ್ಯಾನವೋ, ಗೀತೆ ಓದುವುದೋ? ಯಾವುದರಿಂದ ಮನಸ್ಸಿಗೆ ಶಾಂತಿ?

ಧ್ಯಾನಕ್ಕೆ ಕೂತರೆ ಮನಸ್ಸು ಓಡುತ್ತದೆ, ಗೀತೆ ಓದಿದರೆ ಸಾಕಾ ಎಂದು ಕೇಳಿದ್ದೀರಿ. ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನನ ಕಷ್ಟವೂ ಇದೇ: ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ. ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಅಭ್ಯಾಸ, ವೈರಾಗ್ಯದಿಂದ ಆಗುತ್ತದೆ ಎನ್ನುತ್ತಾನೆ. 12ನೇ ಅಧ್ಯಾಯದಲ್ಲಂತೂ ಜ್ಞಾನಕ್ಕಿಂತ ಧ್ಯಾನ, ಧ್ಯಾನಕ್ಕಿಂತ ಫಲದ ಆಸೆ ಬಿಡುವುದು ಮೇಲು ಎಂದಿದೆ.

ಎಲ್ಲರಿಗೂ ದಾರಿ ಒಂದೇ ಅಲ್ಲ, ನಮ್ಮ ಶಿಕಾರಿಪುರ ತಾಲ್ಲೂಕನ್ನೇ ನೋಡಿ. ಬಳ್ಳಿಗಾವಿಯ ಅಲ್ಲಮನದು ಅರಿವಿನ ದಾರಿ, ಉಡುತಡಿಯ ಅಕ್ಕನದು ಒಲವಿನ ದಾರಿ. ಇಬ್ಬರೂ 12ನೇ ಶತಮಾನದವರೇ, ಅಲ್ವಾ?

ನನಗೆ ಧ್ಯಾನ ಅರ್ಥವಾಗಿದ್ದು ಅಡಿಕೆ ಸುಲಿಯುವ ಅಜ್ಜಿಯನ್ನು ನೋಡಿ. ಮೆಟ್ಟುಗತ್ತಿ ಮುಂದೆ ಕೂತರೆ ಕಣ್ಣು, ಕೈ, ಉಸಿರು ಎಲ್ಲಾ ಅಲ್ಲೇ. ಸಿಪ್ಪೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನೀವೂ ಒಂದೇ ಶ್ಲೋಕ ಓದಿ, ಹತ್ತು ನಿಮಿಷ ಸುಮ್ನೆ ಕೂತು ನೋಡಿ.