ವೇಗೋತ್ಕರ್ಷ ಗೊತ್ತು, ಆಕ್ಸಲರೇಷನ್ ಗೊತ್ತಿಲ್ಲ

ಪ್ರಶ್ನೆ: ನಾನು ಹಳ್ಳಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 570 ತೆಗೆದ ನಮ್ಮ ಹುಡುಗಿ ಮಂಡ್ಯದಲ್ಲಿ ಪಿಯು ಸೈನ್ಸ್ (ಪಿಸಿಎಂಬಿ) ಸೇರಿದಳು. ದಸರಾ ರಜೆಗೆ ಬಂದವಳು ‘ಮಿಸ್, ಏನೂ ಅರ್ಥ ಆಗ್ತಿಲ್ಲ, ಆರ್ಟ್ಸ್‌ಗೆ ಹೋಗ್ಲಾ’ ಅಂತ ಅತ್ತುಬಿಟ್ಟಳು. ತರಗತಿಯಲ್ಲೇ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡೋದು ಹೇಗೆ? ಸಿಲಬಸ್ ಮುಗಿಸೋಕೇ ಟೈಮ್ ಸಾಲದು.
– ಶಿಕ್ಷಕಿ, ಮದ್ದೂರು ತಾಲ್ಲೂಕು

ಉತ್ತರ: ಮೇಡಂ, ಆ ಹುಡುಗಿಗೆ ಪಾಠ ಗೊತ್ತು, ಪಾಠದ ಹೆಸರು ಗೊತ್ತಿಲ್ಲ ಅಷ್ಟೆ. ನಿಮ್ಮ ಒಂಬತ್ತನೇ ಕ್ಲಾಸಿನಲ್ಲಿ ಜವ, ವೇಗ, ವೇಗೋತ್ಕರ್ಷ ಅಂತ ಕಲಿತದ್ದನ್ನೇ ಪಿಯು ಲೆಕ್ಚರರ್ ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್ ಎನ್ನುತ್ತಾರೆ. ಇದರಲ್ಲೊಂದು ತಮಾಷೆಯ ತೊಡಕೂ ಇದೆ. ಊರಲ್ಲಿ ನಾವು ಸ್ಪೀಡಿಗೂ ವೇಗ ಅಂತಲೇ ಹೇಳುತ್ತೇವೆ, ಪುಸ್ತಕದಲ್ಲಿ ಮಾತ್ರ ವೇಗ ಅಂದರೆ ವೆಲಾಸಿಟಿ. ಮಗು ಗೊಂದಲಕ್ಕೆ ಬೀಳದೆ ಇನ್ನೇನು? ಬಸ್ಸು ಗಂಟೆಗೆ 60 ಕಿಲೋಮೀಟರ್ ಹೋಗುತ್ತಿದೆ ಅಂದರೆ ಸ್ಪೀಡ್, ಮೈಸೂರಿನ ದಿಕ್ಕಿಗೆ 60 ಅಂದರೆ ವೆಲಾಸಿಟಿ, ಇಷ್ಟನ್ನು ಪಾಠದ ದಿನವೇ ಎರಡೂ ಭಾಷೆಯಲ್ಲಿ ಹೇಳಿದರೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಬೋರ್ಡಿನ ಒಂದು ಮೂಲೆ ಇದಕ್ಕೇ ಇರಲಿ. ದಿನಕ್ಕೆ ನಾಲ್ಕೈದು ಪದ, ಸ್ಪೆಲ್ಲಿಂಗ್ ಸಮೇತ.

ಇನ್ನೊಂದು, ಇದು ನಿಮಗೆ ಬೇಜಾರಾದರೂ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಹೇಳಿದವನು. ಜೂನ್‌ನಲ್ಲಿ ನಾನು ಡೆರಿವೇಷನ್ ಮಧ್ಯದಲ್ಲಿದ್ದರೆ ಹಿಂದಿನ ಬೆಂಚಿನಿಂದ ‘ಸಾರ್, ಹೆಡ್ಡಿಂಗ್ ರೆಡ್ ಇಂಕಲ್ಲಿ ಬರೀಬೇಕಾ?’ ಅಂತ ಪ್ರಶ್ನೆ ಬರುತ್ತಿತ್ತು! ತಪ್ಪು ಅವರದಲ್ಲ. ಹತ್ತು ವರ್ಷ ನಾವು ಬರೆಸಿದ್ದೇವೆ, ಅವರು ಬರೆದುಕೊಂಡಿದ್ದಾರೆ. ಶನಿವಾರ ಒಂದು ಪೀರಿಯಡ್‌ನಲ್ಲಿ ಹತ್ತು ನಿಮಿಷ ಬೋರ್ಡ್ ಮುಟ್ಟದೆ ಸುಮ್ನೆ ಮಾತಾಡಿ, ಮಕ್ಕಳು ಕೇಳಿದ್ದನ್ನು ತಮ್ಮ ಮಾತಲ್ಲಿ ಬರೆಯಲಿ. ಕನ್ನಡ ಇಂಗ್ಲಿಷ್ ಕಲಸುಮೇಲೋಗರವಾದರೂ ಪರವಾಗಿಲ್ಲ. ಆಮೇಲೆ ಪಕ್ಕದವರ ನೋಟ್ಸ್ ಜೊತೆ ಹೋಲಿಸಲಿ. ಮೊದಲ ವಾರ ನಾಲ್ಕು ಸಾಲೂ ಬರುವುದಿಲ್ಲ, ಬೈಯಬೇಡಿ.

ಪಾಸಾಗಲು ಬೇಕಾದಷ್ಟು ಪಾಠವನ್ನಷ್ಟೇ ಓದಿಸುವ ಪಾಸಿಂಗ್ ಪ್ಯಾಕೇಜ್ ಬೇಡ ಎನ್ನುತ್ತಿಲ್ಲ, ಫೇಲಾಗುವ ಮಗುವಿಗೆ ಅದು ಬೇಕು. ಆದರೆ ಸೈನ್ಸಿಗೆ ಹೋಗುವವರು ತ್ರಿಕೋನಮಿತಿ ಬಿಡುವಂತಿಲ್ಲ ಅಂತ ಗಣಿತದ ಮೇಷ್ಟ್ರಿಗೂ ಒಂದು ಮಾತು ಹಾಕಿ. ಫಸ್ಟ್ ಪಿಯುಸಿಯ ವೆಕ್ಟರ್ (ದಿಕ್ಕೂ ಇರುವ ಪರಿಮಾಣ) ಪಾಠದಲ್ಲಿ ಸೈನ್, ಕಾಸ್ ಬರದಿದ್ದರೆ ಮುಂದಿನದೆಲ್ಲ ಮಂಜು.

ಆ ಹುಡುಗಿಗೆ ಇತಿಹಾಸ ನಿಜವಾಗಲೂ ಇಷ್ಟವಿದ್ದರೆ ಆರ್ಟ್ಸ್‌ಗೆ ಖುಷಿಯಾಗಿ ಹೋಗಲಿ, ಹೆದರಿ ಹೋಗೋದು ಬೇಡ. ಅವಳು ಓದಿದ ಒಂಬತ್ತು, ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವೇ ಇಂಗ್ಲಿಷ್ ಮಾಧ್ಯಮದಲ್ಲೂ ಇದೆ, ಒಂದು ಹಳೇ ಪ್ರತಿ ಹುಡುಕಿ ಕೊಡಿ. ಎರಡನ್ನೂ ಅಕ್ಕಪಕ್ಕ ತೆರೆದು ದಿನಕ್ಕೆ ಎರಡು ಪುಟ ಓದಲಿ. ಮೊದಲ ಭಾನುವಾರ ನೀವೂ ಜೊತೆಗೆ ಕೂತರೆ ಒಳ್ಳೆಯದು, ಒಬ್ಬಳೇ ಆದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾಳೆ.