ಊರಿಗೆ ಮನೆಗಳು ಬೇಕು, ಒಂದೇ ಸಲಕ್ಕಲ್ಲ

ಐರ್ಲೆಂಡಿನ ಗಾಲ್ವೇ ಕೌಂಟಿಯ ಸಣ್ಣ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಮೂಲ ತೀರ್ಥಹಳ್ಳಿ ಕಡೆಯವರು, ಅಲ್ಲಿ ನರ್ಸ್. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಪತ್ರದ ಸಾರ ಇಷ್ಟು: "ನಮ್ಮೂರಲ್ಲಿ ಸುಮಾರು 300 ಜನ. ಒಂದು ಅಂಗಡಿ, ಒಂದು ಪಬ್, ಚರ್ಚು, ಇಬ್ಬರೇ ಟೀಚರಿರುವ ಶಾಲೆ. ಊರಾಚೆಯ ಹುಲ್ಲುಗಾವಲಿನ ಗೇಟಿಗೆ ಕಳೆದ ವಾರ ಬಿಳಿ ನೋಟಿಸು ಬಿದ್ದಿದೆ, 42 ಮನೆಗಳ ಬಡಾವಣೆಗೆ ಅರ್ಜಿ. ಶಾಲೆ ಉಳಿಯುತ್ತದೆ ಅಂತ ಅರ್ಧ ಊರು ಖುಷಿಯಲ್ಲಿದೆ, ಊರು ಹಾಳಾಗುತ್ತದೆ ಅಂತ ಇನ್ನರ್ಧ ಸಿಟ್ಟಾಗಿದೆ. ನಾವೂ ಆರು ವರ್ಷದ ಹಿಂದೆ ಹೊರಗಿಂದ ಬಂದವರೇ. ಈಗ ಬೇಡ ಅಂದರೆ ಹತ್ತಿದ ಏಣಿ ಒದ್ದ ಹಾಗಾಗುವುದಿಲ್ಲವೇ? ಅಷ್ಟಕ್ಕೂ ನನಗೆ ಮಾತಾಡುವ ಹಕ್ಕಿದೆಯೇ?"

ಪ್ರಿಯ ಸಹೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನಿಮ್ಮ ನಿದ್ದೆ ಕೆಡಿಸಿದೆ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಹಕ್ಕಿದೆ. ಕಟ್ಟಡದ ಅರ್ಜಿಯ ಮೇಲೆ ಅಭಿಪ್ರಾಯ ಬರೆಯಲು ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಅರ್ಜಿ ಅಲ್ಲಿನ ಜಿಲ್ಲಾಡಳಿತವಾದ ಕೌಂಟಿ ಕೌನ್ಸಿಲ್ ಸೇರಿದ ದಿನದಿಂದ ಐದು ವಾರದೊಳಗೆ, 20 ಯೂರೋ ಕಟ್ಟಿ, ಯಾರು ಬೇಕಾದರೂ ಬರೆಯಬಹುದು. ಇನ್ನೂ ಒಂದು ಮಾತು: ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಲು ಐರಿಷ್ ಪೌರತ್ವ ಬೇಕಿಲ್ಲ. 18 ತುಂಬಿದ್ದು, ಅಲ್ಲಿ ವಾಸವಿದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಕೌಂಟಿಯ ಅಭಿವೃದ್ಧಿ ಯೋಜನೆಗೆ ಕೈ ಎತ್ತುವವರು ಅದೇ ಕೌನ್ಸಿಲರ್‌ಗಳು. ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಈ ವಾರವೇ ಸೇರಿಸಿ.

ಇನ್ನು ಏಣಿಯ ಮಾತು. ಮನೆಗಳೇ ಬೇಡ ಎಂದು ನೀವು ಬರೆದರೆ, ಹೌದು, ಅದು ಏಣಿ ಒದ್ದ ಹಾಗೆಯೇ. ಆದರೆ ಎಷ್ಟು, ಎಲ್ಲಿ, ಯಾವ ವೇಗದಲ್ಲಿ ಎಂದು ಕೇಳುವುದು ಬೇರೆ. ನಿಮ್ಮೂರಿನ ಜಗಳದಲ್ಲಿ ಈ ಮೂರು ಪ್ರಶ್ನೆ ಎಲ್ಲೂ ಕಾಣಲಿಲ್ಲ.

ಶಾಲೆಯ ಲೆಕ್ಕವನ್ನೇ ನೋಡಿ. 2022ರ ಜನಗಣತಿಯ ಪ್ರಕಾರ ಅಲ್ಲಿ ಒಂದು ಮನೆಗೆ ಸರಾಸರಿ 2.74 ಜನ. 42 ಮನೆ ಎಂದರೆ ಸುಮಾರು 115 ಜನ. 300 ಜನರ ಊರಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು, ಅದೂ ಒಂದೆರಡು ವರ್ಷದೊಳಗೆ. ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರು ಹೆಚ್ಚಾಗಿ ಒಂದೇ ವಯಸ್ಸಿನ ದಂಪತಿಗಳು, ಮಕ್ಕಳೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಅಲ್ಲಿನ ಪ್ರಾಥಮಿಕ ಶಾಲೆಗೆ ಎಷ್ಟು ಟೀಚರ್ ಎಂಬುದು ಸಾಮಾನ್ಯವಾಗಿ ಹಿಂದಿನ ವರ್ಷದ ಸೆಪ್ಟೆಂಬರ್ 30ರ ಹಾಜರಿ ಪಟ್ಟಿಯಿಂದ ತೀರ್ಮಾನವಾಗುತ್ತದೆ. ಹಾಗಾಗಿ ಮಕ್ಕಳು ಮೊದಲು ಬರುತ್ತಾರೆ, ಟೀಚರ್ ಆಮೇಲೆ. ಅಂಗಳಕ್ಕೆ ತಾತ್ಕಾಲಿಕ ಕೊಠಡಿ ಬರುತ್ತದೆ. ಹದಿನೈದು ವರ್ಷ ಕಳೆದರೆ ಆ ಮಕ್ಕಳೆಲ್ಲ ಒಟ್ಟಿಗೇ ದೊಡ್ಡವರಾಗಿ ಊರು ಬಿಟ್ಟಿರುತ್ತಾರೆ, ಶಾಲೆ ಮತ್ತೆ ಇಬ್ಬರು ಟೀಚರಿಗೆ ಇಳಿದಿರುತ್ತದೆ. ಅದರ ಬದಲು ವರ್ಷಕ್ಕೆ ನಾಲ್ಕು ಮನೆಯಂತೆ ಎದ್ದರೆ? ಒಂದನೇ ತರಗತಿಗೆ ಪ್ರತಿ ವರ್ಷ ಒಂದಿಬ್ಬರು ಹೊಸ ಮಕ್ಕಳು ಬರುತ್ತಲೇ ಇರುತ್ತಾರೆ. ಶಾಲೆಯನ್ನು ಉಳಿಸುವುದು ಈ ನಿಧಾನದ ಹರಿವು. "ಶಾಲೆ ಉಳಿಯಬೇಕು" ಎನ್ನುವ ನಿಮ್ಮ ನೆರೆಯವರಿಗೆ ಇದನ್ನೇ ಹೇಳಿ. ಅವರ ಆಸೆ ನ್ಯಾಯವಾದದ್ದು, ಅದಕ್ಕೆ ಎದುರು ನಿಲ್ಲಬೇಡಿ.

ಆತುರದ ಬೆಲೆ ಏನೆಂದು ಆ ದೇಶಕ್ಕೆ ಗೊತ್ತು. 1998ರಲ್ಲಿ ಶಾನನ್ ನದಿಯ ಮೇಲ್ಭಾಗದ ಲೀಟ್ರಿಮ್, ಲಾಂಗ್‌ಫರ್ಡ್ ಮತ್ತು ಸುತ್ತಲ ಪ್ರದೇಶಗಳಿಗೆ ಜನರನ್ನು ಸೆಳೆಯಲೆಂದು ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಮನೆ ಎದ್ದದ್ದು ವಾಸಿಸುವವರನ್ನು ನೋಡಿಯಲ್ಲ, ತೆರಿಗೆ ಉಳಿಸುವವರನ್ನು ನೋಡಿ. 2008ರಲ್ಲಿ ಬ್ಯಾಂಕುಗಳು ಮುಗ್ಗರಿಸಿದಾಗ ಕಟ್ಟುವವರು ಅರ್ಧಕ್ಕೆ ಬಿಟ್ಟು ಹೋದರು. 2010ರ ಸರ್ಕಾರಿ ಸಮೀಕ್ಷೆಗೆ ದೇಶದಾದ್ಯಂತ 2,800ಕ್ಕೂ ಹೆಚ್ಚು ಅಪೂರ್ಣ ಬಡಾವಣೆಗಳು ಸಿಕ್ಕವು. ಜನ ಅವನ್ನು ದೆವ್ವದ ಬಡಾವಣೆ ಎಂದೇ ಕರೆದರು. 2011ರ ಜನಗಣತಿಯಲ್ಲಿ ಲೀಟ್ರಿಮ್‌ನ ನೂರು ಮನೆಗಳಲ್ಲಿ ಸುಮಾರು ಮೂವತ್ತು ಖಾಲಿ. ದೀಪವಿಲ್ಲದ ಬೀದಿ, ಡಾಂಬರು ಕಾಣದ ರಸ್ತೆ, ನಡುವೆ ಸಾಲ ತೀರಿಸುತ್ತ ಕುಳಿತ ಎರಡು ಮೂರು ಸಂಸಾರ. ನಿಮ್ಮೂರಿನ ಹಿರಿಯರ ಸಿಟ್ಟಿನ ಹಿಂದೆ ಈ ನೆನಪಿದೆ. ಅದನ್ನು ಹೊರಗಿನವರ ಮೇಲಿನ ದ್ವೇಷ ಎಂದು ತಿಳಿಯಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಆ 42 ಮನೆಗಳ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಗೋಡೆಯ ಬಣ್ಣ, ಚಾವಣಿಯ ಇಳಿಜಾರಿನ ಬಗ್ಗೆ ಊರವರು ಗಂಟೆಗಟ್ಟಲೆ ಮಾತಾಡುತ್ತಾರೆ, ಪೈಪಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹಳ್ಳಿಗೆ ಶುದ್ಧೀಕರಣ ಘಟಕವಿದ್ದರೆ ಅದನ್ನು ಇಂತಿಷ್ಟು ಜನರ ಹೊರೆಗೆಂದು ಕಟ್ಟಿರುತ್ತಾರೆ. ಸಣ್ಣ ಊರುಗಳ ಎಷ್ಟೋ ಘಟಕಗಳು ಈಗಾಗಲೇ ತುಂಬಿವೆ. ರಾಷ್ಟ್ರೀಯ ನೀರು ಸಂಸ್ಥೆ ಇಷ್ಕಾ ಏರನ್ ಪ್ರತಿ ಕೌಂಟಿಯ ಘಟಕಗಳಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹಸಿರು, ಹಳದಿ, ಕೆಂಪು ಗುರುತಿನ ಪಟ್ಟಿ ಪ್ರಕಟಿಸುತ್ತದೆ. ನಿಮ್ಮೂರಿನ ಸಾಲು ಯಾವ ಬಣ್ಣದಲ್ಲಿದೆ, ಮೊದಲು ಅದನ್ನು ನೋಡಿ. ಘಟಕವೇ ಇಲ್ಲದ ಕಡೆ ಮನೆಮನೆಗೆ ಸೆಪ್ಟಿಕ್ ಟ್ಯಾಂಕ್. ದೇಶದಲ್ಲಿ ಅಂಥವು ಸುಮಾರು ಐದು ಲಕ್ಷ ಇವೆ. ಪರೀಕ್ಷಿಸಿದವುಗಳಲ್ಲಿ ಹತ್ತಿರಹತ್ತಿರ ಅರ್ಧ ನಪಾಸಾಗುತ್ತವೆ, ಸೋರಿದ್ದು ಬಾವಿ ಸೇರುತ್ತದೆ. ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ವಾಟರ್‌ಫರ್ಡ್ ಕೌಂಟಿಯ ಡನ್‌ಹಿಲ್ ಮತ್ತು ಮೊನಹನ್ ಕೌಂಟಿಯ ಗ್ಲಾಸ್‌ಲಾಕ್ ಊರುಗಳಲ್ಲಿ ಕೊಳಚೆ ನೀರು ಜೊಂಡು ಬೆಳೆದ ಸಾಲು ಕೊಳಗಳ ಮೂಲಕ ನಿಧಾನವಾಗಿ ಹಾದು ತಿಳಿಯಾಗುತ್ತದೆ. ಜಾಗ ಹೆಚ್ಚು ಬೇಕು, ಹಳ್ಳಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ.

ನಿಧಾನವಾಗಿ ಬೆಳೆಯಲು ಹೊರಟ ಊರಿನ ಉದಾಹರಣೆ ಬೇಕೆಂದರೆ ಟಿಪರೇರಿ ಕೌಂಟಿಯ ಕ್ಲಾಕ್‌ಜೋರ್ಡನ್ ಇದೆ. ಬ್ರಿಟಿಷರ ವಿರುದ್ಧದ 1916ರ ದಂಗೆಯಲ್ಲಿ ಪ್ರಾಣ ಕೊಟ್ಟ ಕವಿ ಥಾಮಸ್ ಮ್ಯಾಕ್‌ಡೊನಾ ಹುಟ್ಟಿದ ಊರು. 1999ರಲ್ಲಿ ಒಂದಷ್ಟು ಜನ ಸೇರಿ ಕಂಪನಿ ಮಾಡಿಕೊಂಡು, ಸೂಕ್ತ ಊರು ಹುಡುಕಿ, ಇಲ್ಲಿನ ಮುಖ್ಯ ಬೀದಿಯ ಹಿಂದೆಯೇ 67 ಎಕರೆ ಕೊಂಡರು. ನನಗೆ ತುಂಬ ಹಿಡಿಸಿದ್ದು ಈ "ಹಿಂದೆಯೇ" ಎಂಬುದು. ಹೊಸ ಮನೆಗಳ ದಾರಿ ಹಳೆಯ ಬೀದಿಗೇ ಬಂದು ಕೂಡುತ್ತದೆ, ಅಂಗಡಿಗೂ ರೈಲು ನಿಲ್ದಾಣಕ್ಕೂ ನಡೆದೇ ಹೋಗಬಹುದು. ಮೊದಲ ಮನೆಗಳು 2009ರಲ್ಲಿ ತುಂಬಿದವು. ಮರದ ಚೂರು ಉರಿಸಿ ಎಲ್ಲ ಮನೆಗೂ ಒಂದೇ ಕಡೆಯಿಂದ ಬಿಸಿನೀರು ಹರಿಸುತ್ತಾರೆ, ಸದಸ್ಯರು ಮುಂಗಡ ಹಣ ಕಟ್ಟಿ ನಡೆಸುವ ತೋಟದಿಂದ ತರಕಾರಿ ಬರುತ್ತದೆ. ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಯೋಜಿಸಿದ್ದು 130ರ ಆಸುಪಾಸು ಮನೆ, ಎದ್ದದ್ದು ಐವತ್ತು ಚಿಲ್ಲರೆ. ಆದರೂ ಖಾಲಿ ಉಳಿದ ನಿವೇಶನದಲ್ಲಿ ಹುಲ್ಲು ಬೆಳೆಯುತ್ತದೆ, ಲೀಟ್ರಿಮ್‌ನಲ್ಲಿ ಉಳಿದದ್ದು ಅರ್ಧ ಎದ್ದ ಗೋಡೆ. ನನ್ನ ಮಟ್ಟಿಗೆ ಅದು ದೊಡ್ಡ ವ್ಯತ್ಯಾಸ.

ನಿಮ್ಮೂರಿನ ಬೀದಿಯಲ್ಲಿ ಕಿಟಕಿಗೆ ಹಲಗೆ ಬಡಿದ ಮನೆಗಳೆಷ್ಟು? ಒಂದು ಭಾನುವಾರ ನಡೆದುಕೊಂಡು ಹೋಗಿ ಎಣಿಸಿ. 2022ರಲ್ಲಿ ದೇಶದಲ್ಲಿ, ರಜಾದಿನದ ಮನೆಗಳನ್ನು ಬಿಟ್ಟು, 1,66,752 ಮನೆ ಖಾಲಿ ಇದ್ದವು. ಸರ್ಕಾರದ ಕ್ರೀ ಕೋನಹೆ ಯೋಜನೆಯಲ್ಲಿ 2023ರಿಂದ ಖಾಲಿ ಮನೆ ದುರಸ್ತಿಗೆ 50,000 ಯೂರೋವರೆಗೆ, ಪಾಳುಬಿದ್ದಿದ್ದರೆ 70,000ದವರೆಗೆ ನೆರವಿದೆ. ಅಂಥ ಮನೆಗೆ ರಸ್ತೆ, ದೀಪ, ಪೈಪು ಹೊಸದಾಗಿ ಎಳೆಯಬೇಕಿಲ್ಲ.

ಪತ್ರವನ್ನು ಹೀಗೆ ಬರೆಯಿರಿ. ನಿಮ್ಮೂರಿಗೆ ಮನೆಗಳು ಬೇಕು ಎಂದು ಮೊದಲ ಸಾಲಿನಲ್ಲೇ ಹೇಳಿ. ಆಮೇಲೆ ಘಟಕದ ಸಾಮರ್ಥ್ಯ ಕೇಳಿ. ಮನೆಗಳನ್ನು ಹಂತ ಹಂತವಾಗಿ, ಊರಿಗೆ ಹತ್ತಿರದ ಬದಿಯಿಂದ ಕಟ್ಟುವ ಷರತ್ತು ಕೇಳಿ. ಶಾಲೆಯವರೆಗೆ ಫುಟ್‌ಪಾತ್ ಕೇಳಿ, ನಿಮ್ಮ ಮಕ್ಕಳು ಈಗ ಆ ರಸ್ತೆಯ ಅಂಚಿನಲ್ಲಿ ಹೇಗೆ ನಡೆಯುತ್ತಾರೆಂದು ಎರಡು ಸಾಲು ಬರೆಯಿರಿ. ಕೆಲಸ ಅರ್ಧಕ್ಕೆ ನಿಂತರೆ ಪೂರೈಸಲು ಕಟ್ಟುವವರಿಂದ ಭದ್ರತೆಯ ಹಣ ಇಡಿಸಿಕೊಳ್ಳುವಂತೆ ಕೇಳಿ. ಉಳಿದ ನಿವೇಶನಗಳನ್ನು ಪೈಪು, ರಸ್ತೆ ಹಾಕಿ ಒಂದೊಂದಾಗಿ, ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಕೊಡುವಂತೆ ಸೂಚಿಸಿ. ಸಣ್ಣ ಊರುಗಳಿಗೆ ಇಂಥ ನಿವೇಶನ ಒದಗಿಸಬೇಕೆಂದು 2018ರ ರಾಷ್ಟ್ರೀಯ ಯೋಜನಾ ಚೌಕಟ್ಟೇ ಹೇಳಿದೆ, ಅದನ್ನು ಹೆಸರಿಸಿ.

ಒಬ್ಬರೇ ಬರೆಯಬೇಡಿ. ಊರಿನ ಟೈಡಿ ಟೌನ್ಸ್ ಸಮಿತಿಯವರ ಬಳಿ ಹೋಗಿ. 1958ರಿಂದ ನಡೆಯುತ್ತಿರುವ, ಊರನ್ನು ಚೊಕ್ಕವಾಗಿಡುವ ಈ ಸ್ಪರ್ಧೆಗಾಗಿ ಹೂಕುಂಡ ಹಿಡಿದು ಓಡಾಡುವವರಿಗೆ ಊರಿನ ಮೋರಿ ಮೋರಿಯೂ ಗೊತ್ತಿರುತ್ತದೆ. ಅಲ್ಲಿ ಮೆಹಲ್ ಎಂಬ ಮಾತಿದೆ, ನೆರೆಯವರೆಲ್ಲ ಸೇರಿ ಒಬ್ಬರ ಹೊಲದ ಕೆಲಸ ಮುಗಿಸಿಕೊಡುವುದು. ನಮ್ಮ ಮುಯ್ಯಾಳಿನ ಹಾಗೆಯೇ. ಹಾಗೆ ಕೇಳಿದರೆ ಅವರಿಗೆ ಅರ್ಥವಾಗುತ್ತದೆ.

ಸಂಚಿಕೆ ಅಚ್ಚಾಗುವಷ್ಟರಲ್ಲಿ ಐದು ವಾರ ಮುಗಿದುಬಿಡುವುದರಿಂದ ಈ ಉತ್ತರವನ್ನು ನಿಮಗೆ ಮೊದಲೇ ಇಮೇಲ್ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೈ ತಡೆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಕಳಿಸಿದರೆ ಓದಿ ಹೇಳುತ್ತೇನೆ. 20 ಯೂರೋ ಕಟ್ಟಿದ ಮೇಲೆ ಕೌನ್ಸಿಲ್‌ನಿಂದ ಬರುವ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ನಾಲ್ಕೇ ವಾರ ಸಿಗುತ್ತದೆ, ಆಗ ಮೇಲ್ಮನವಿ ತೆಗೆದುಕೊಳ್ಳುವವರು ಮೊದಲು ಕೇಳುವುದು ಆ ಕಾಗದವನ್ನೇ.

— ಸಂಪಾದಕ